ಹಾಡಿದವರ ಸೊತ್ತು

ಲೋಕದಲ್ಲಿ ಸೊತ್ತುಗಳು ಹಲವು ಬಗೆ. ಹೊಲ, ಮನೆ, ಒಡವೆ, ದನಕರು ಇವೆಲ್ಲ ಕಣ್ಣಿಗೆ ಕಾಣುವಂಥವು. ಇವುಗಳಿಗೆ ಎಲ್ಲೆಯುಂಟು, ಪತ್ರವುಂಟು, ವ್ಯಾಜ್ಯ ಬಂದರೆ ನೆರೆಹೊರೆಯವರ ಸಾಕ್ಷಿಯುಂಟು. ಆದರೆ ಕಂಠದಿಂದ ಹೊರಟು ಗಾಳಿಯಲ್ಲಿ ಕರಗಿಹೋಗುವ ಹಾಡಿಗೆ ಎಲ್ಲೆಯೆಲ್ಲಿ, ಒಡೆಯರಾರು? ನಮ್ಮ ಹಿರಿಯರಿಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದ ಅಗತ್ಯವೇ ಬರಲಿಲ್ಲ. ಹಾಡುವವನು ಹಾಡಿದನು, ಕೇಳುವವರು ಕೇಳಿದರು. ಅರಸನೋ ಧನಿಕನೋ ಶಾಲು ಹೊದಿಸಿ ಸಂಭಾವನೆ ಕೊಟ್ಟನು. ಮರುದಿನ ಬೆಳಗಾಗುವುದರೊಳಗೆ ಆ ಹಾಡು ಕೇಳಿದವರ ನೆನಪಿನಲ್ಲಿ ಮಾತ್ರ ಉಳಿಯಿತು. ನೆನಪನ್ನು ಯಾರು ತಾನೆ ಕ್ರಯಕ್ಕೆ ಕೊಂಡಾರು? ಹಾಡನ್ನು ಹಿಡಿದಿಡುವ ಯಂತ್ರ ಬಂದ ದಿನದಿಂದ ಈ ನಿಶ್ಚಿಂತೆ ತೀರಿತು. ಗಾಳಿಯಲ್ಲಿ ಕರಗುತ್ತಿದ್ದುದು ತಟ್ಟೆಯಾಗಿ ನಿಂತಿತು. ತಟ್ಟೆಯಾದ ಮೇಲೆ ಸರಕಾಯಿತು. ಸರಕಾದ ಮೇಲೆ ಅದಕ್ಕೆ ಒಡೆಯರು ಹುಟ್ಟಿಕೊಂಡರು. ಆ ಒಡೆಯರು ಹಾಡಿದವರೇ ಆಗಿರಲಿಲ್ಲ ಎಂಬುದೇ ನಾನು ಇಲ್ಲಿ ಹೇಳಹೊರಟ ಸಂಗತಿ.

ಗ್ರಾಮೋಫೋನು ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು 1902ನೆಯ ಇಸವಿಯಲ್ಲಿ ತನ್ನ ಯಂತ್ರಸಾಮಗ್ರಿಯೊಡನೆ ಕಲ್ಕತ್ತೆಗೆ ಬಂದಿಳಿದನು. ಆ ವರ್ಷದ ನವೆಂಬರು ತಿಂಗಳಲ್ಲಿ, ಹೊರಚಾಚಿದ ದೊಡ್ಡ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ಹಾಡಿದರು. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಸುಮಾರು ಮೂರು ನಿಮಿಷದೊಳಗೆ ಅಡಗಿಸಬೇಕು. ತಟ್ಟೆ ಅದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮೂಲದಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಒತ್ತಲ್ಪಟ್ಟು ಬರಬೇಕಾಗಿತ್ತು. ಇದು ಯಾರ ಹಾಡೆಂಬುದು ಅಲ್ಲಿಯ ಕೆಲಸಗಾರರಿಗೆ ಗೊತ್ತಾಗಲೆಂದು ಈ ಏರ್ಪಾಡು.

ಈ ಹೆಸರು ಹೇಳುವ ಪದ್ಧತಿಯನ್ನು ನೆನೆದಾಗಲೆಲ್ಲ ನನಗೆ ನಮ್ಮ ದಾಸರ ಪದಗಳ ಅಂಕಿತ ನೆನಪಾಗುತ್ತದೆ. ದಾಸರು ಕೊನೆಯ ಚರಣದಲ್ಲಿ ತಮ್ಮ ಅಂಕಿತವನ್ನಿಟ್ಟರು. ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಮುದ್ರೆಯಾಗಿ ಒತ್ತಿದರು. ಹಾಡು ಊರೂರು ಅಲೆದರೂ, ಸಾವಿರ ಬಾಯಿಗಳನ್ನು ಹೊಕ್ಕು ಹೊರಟರೂ, ಅಂಕಿತ ಕಿವಿಗೆ ಬಿದ್ದೊಡನೆ ಇದು ಇಂಥವರ ಪದವೆಂದು ತಿಳಿಯುತ್ತದೆ. ಅದಕ್ಕೆ ಯಾವ ರಿಜಿಸ್ಟ್ರಾರರ ಕಛೇರಿಯೂ ಬೇಕಾಗಲಿಲ್ಲ. ಗೌಹರ್ ಜಾನರ ಆ ಮಾತೂ ಒಂದು ಅಂಕಿತವೇ ಸರಿ. ಆದರೆ ಕಾನೂನಿನ ಕಿವಿಗೆ ಅದು ಕೇಳಿಸಲಿಲ್ಲ. ಇಂಗ್ಲೆಂಡಿನಲ್ಲಿ 1911ರಲ್ಲಿ ಆದ ಕೃತಿಸ್ವಾಮ್ಯದ ಶಾಸನವನ್ನು ಕೆಲವು ಮಾರ್ಪಾಡುಗಳೊಡನೆ 1914ರಲ್ಲಿ ನಮ್ಮ ದೇಶಕ್ಕೂ ಅನ್ವಯಿಸಿದರು. ಧ್ವನಿಮುದ್ರಿಕೆಯ ಕರ್ತೃ ಯಾರೆಂಬ ಪ್ರಶ್ನೆಗೆ ಆ ಶಾಸನ ಕೊಟ್ಟ ಉತ್ತರ ಬಹು ಸರಳವಾದದ್ದು: ಮೂಲದಚ್ಚು ತಯಾರಾದಾಗ ಅದು ಯಾರ ಸೊತ್ತಾಗಿತ್ತೋ ಅವರೇ ಕರ್ತೃ. ಹಾಡಿದವರ ಪ್ರಸ್ತಾಪವೇ ಇಲ್ಲ. ಮೇಣ ಯಾರದೋ ಗಾನವೂ ಅವರದೇ! ಕಾಗದ ಮಾರಿದ ಅಂಗಡಿಯವನೇ ಕಾವ್ಯದ ಕರ್ತೃವೆಂದು ಹೇಳಿದರೆ ನಾವು ನಗುವುದಿಲ್ಲವೆ?

ಹಾಗಾದರೆ ಆ ಕಾಲದಲ್ಲಿ ಎಲ್ಲ ಗಾಯಕರ ಪಾಡೂ ಇದೇ ಆಗಿತ್ತೆ ಎಂದು ವಾಚಕರು ಕೇಳಬಹುದು. ಶಾಸನ ಏನೇ ಹೇಳಲಿ, ಕರಾರಿನ ಬಲದಿಂದ ತಮ್ಮ ಪಾಲನ್ನು ಪಡೆದವರೂ ಇದ್ದರು. ಅದೇ 1902ನೆಯ ಇಸವಿಯ ಏಪ್ರಿಲಿನಲ್ಲಿ ಅದೇ ಗೈಸ್‌ಬರ್ಗ್ ಇಟಲಿಯ ಮಿಲಾನ್ ನಗರದಲ್ಲಿ ಎನ್ರಿಕೊ ಕರೂಸೊ ಎಂಬ ತರುಣ ಗಾಯಕನಿಂದ ಹತ್ತು ಹಾಡುಗಳನ್ನು ಹಾಡಿಸಿಕೊಂಡಿದ್ದನು. ಕರೂಸೊ ಕೇಳಿದ್ದು 100 ಪೌಂಡು. ಅಷ್ಟು ಹಣ ಕೊಡಕೂಡದೆಂದು ಲಂಡನ್ನಿನಿಂದ ತಂತಿ ಬಂದಿತಂತೆ. ಗೈಸ್‌ಬರ್ಗ್ ಅದನ್ನು ಬದಿಗಿಟ್ಟು ಹಾಡಿಸಿದನಂತೆ. ಮುಂದೆ ಅಮೆರಿಕದ ವಿಕ್ಟರ್ ಕಂಪೆನಿಯೊಡನೆ ಕರಾರು ಮಾಡಿಕೊಂಡಾಗ, ತನ್ನ ತಟ್ಟೆಗಳ ಮಾರಾಟದಲ್ಲಿ ತನಗೂ ಪಾಲು ಬರುವಂತೆ ಕರೂಸೊ ಬರೆಯಿಸಿಕೊಂಡನು. ಈ ಪಾಲಿಗೇ ರಾಯಲ್ಟಿ ಎಂದು ಹೆಸರು. 1921ರಲ್ಲಿ ಅವನು ತೀರಿಕೊಂಡ ಮೇಲೂ ಅವನ ಕಂಠ ದುಡಿಯುತ್ತಲೇ ಇದ್ದಿತು; ಆ ದುಡಿಮೆಯ ಫಲ ಅವನ ವಾರಸುದಾರರ ಕೈಸೇರುತ್ತಿದ್ದಿತು.

ಇತ್ತ ಗೌಹರ್ ಜಾನರ ಕಥೆ ನಮ್ಮ ಮೈಸೂರಿನಲ್ಲಿ ಮುಗಿಯಿತು. ಅವರು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನಕ್ಕೆ ಬಂದು ಸೇರಿದರು. 1930ನೆಯ ಜನವರಿ 17ರಂದು ಈ ಊರಿನಲ್ಲಿಯೇ ಕಣ್ಣು ಮುಚ್ಚಿದರು. ಹಲವು ಭಾಷೆಗಳಲ್ಲಿ ನೂರಾರು ತಟ್ಟೆಗಳನ್ನು ಕೊಟ್ಟ ಗಾಯಕಿ ಅವರು. ಹಾಡಿದ ದಿನ ಕೈತುಂಬ ಹಣ ಬಂದದ್ದು ನಿಜ. ಆದರೆ ಒಂದೇ ಸಲ ಬಂದ ಹಣ ಬಂದಷ್ಟೇ ಬೇಗ ಹೋಗುತ್ತದೆಂಬುದು ಸಂಸಾರಿಗಳಾದ ನಮಗೆಲ್ಲ ಗೊತ್ತಿದ್ದದ್ದೇ. ಕೊನೆಗಾಲದಲ್ಲಿ ಅವರಿಗೆ ಆಸರೆಯಾದದ್ದು ಮಹಾರಾಜರ ಆಶ್ರಯವೇ ಹೊರತು ತಟ್ಟೆಗಳಲ್ಲ.

ಇದೆಲ್ಲ ಹಳೆಯ ಕಾಲದ, ದೊಡ್ಡವರ ಮಾತಾಯಿತು, ನಮ್ಮಂಥ ಗೃಹಸ್ಥರಿಗೆ ಇದರಿಂದೇನು ಎಂದು ಯಾರಾದರೂ ಅಂದುಕೊಂಡಾರು. ಅಂಥವರಿಗಾಗಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಅತ್ತಿಗೆಯವರು ಸಂಗೀತ ಕಛೇರಿ ಮಾಡಿದವರಲ್ಲ. ಒಲೆಯ ಮೇಲೆ ಹುಳಿಗೆ ಬೇಳೆ ಬೇಯುತ್ತಿರುವಾಗ ಒಂದು, ಹೂ ಕಟ್ಟುವಾಗ ಒಂದು, ಮೊಮ್ಮಗುವನ್ನು ತೂಗುವಾಗ ಒಂದು, ಹೀಗೆ ದಿನವಿಡೀ ದೇವರನಾಮಗಳನ್ನು ಹಾಡುತ್ತಿದ್ದವರು. ಶಾರೀರ ಅಪರೂಪದ್ದು, ಪಾಠವೂ ಒಳ್ಳೆಯ ಗುರುಗಳಿಂದ ಆದದ್ದು. ನವರಾತ್ರಿಯಲ್ಲಿ ನೆರೆಹೊರೆಯವರು ಬೊಂಬೆ ನೋಡುವ ನೆಪದಲ್ಲಿ ಅವರ ಹಾಡು ಕೇಳಲೆಂದೇ ಬರುತ್ತಿದ್ದರು. ಊರೂರಿಗೂ ಕ್ಯಾಸೆಟ್ಟು ಹಬ್ಬಿದ್ದ ದಿನಗಳವು. 1986ರಲ್ಲಿ ಕ್ಯಾಸೆಟ್ ಕಂಪೆನಿಯೊಂದರವರು ಮನೆಗೇ ಬಂದು, ಹನ್ನೆರಡು ದೇವರನಾಮಗಳನ್ನು ಹಾಡಿಕೊಡಬೇಕೆಂದು ಕೇಳಿದರು. ಅಣ್ಣನಿಗೂ ಅತ್ತಿಗೆಯವರಿಗೂ ಹಿಗ್ಗೋ ಹಿಗ್ಗು. ನಾನಾಗ ನೌಕರಿಯ ನಿಮಿತ್ತ ನಾಗಪುರದಲ್ಲಿದ್ದೆನು. ಅತ್ತಿಗೆಯವರು ಬೆಂಗಳೂರಿಗೆ ಹೋಗಿ ಎರಡು ದಿನ ಹಾಡಿ ಬಂದರು. ಅವರಿಗೆ ಸಂದದ್ದು 1,500 ರೂಪಾಯಿ, ಇಪ್ಪತ್ತು ಕ್ಯಾಸೆಟ್ಟು, ಒಂದು ಸೀರೆ. ಛಾಪಾಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ ಪತ್ರಕ್ಕೆ ಅವರು ಕನ್ನಡದಲ್ಲಿ ರುಜು ಮಾಡಿದರು.

ಕ್ಯಾಸೆಟ್ಟು ಚೆನ್ನಾಗಿಯೇ ಮಾರಾಟವಾಯಿತು. ಧನುರ್ಮಾಸದ ಬೆಳಗಿನ ಜಾವ ದೇವಸ್ಥಾನದ ಕಡೆಯಿಂದ ಅತ್ತಿಗೆಯವರ ಹಾಡು ತೇಲಿಬಂದಾಗ ಬೀದಿಯವರೆಲ್ಲ ಹೆಮ್ಮೆಪಟ್ಟರು. ಆದರೆ ಅತ್ತಿಗೆಯವರು ಮೊದಲ ಸಲ ಅದನ್ನು ಕೂತು ಕೇಳಿದ ದಿನ ಮಂಕಾಗಿಬಿಟ್ಟರಂತೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷವಷ್ಟೆ. ಆರನೆಯ ಹಾಡು ಅದರೊಳಗೆ ಅಡಗಲಿಲ್ಲ. ಆದ್ದರಿಂದ ಕೊನೆಯ ಚರಣವನ್ನು ಕತ್ತರಿಸಿ, ಪಲ್ಲವಿಯನ್ನು ಇನ್ನೊಮ್ಮೆ ಜೋಡಿಸಿ ಮುಗಿಸಿದ್ದರು. ಹೋದದ್ದು ಅಂಕಿತವಿದ್ದ ಚರಣ! ಮುಂದೆ ನಾನು ರಜದಲ್ಲಿ ಬಂದಾಗ ಅತ್ತಿಗೆಯವರು ನನ್ನೊಡನೆ ಹೇಳಿದರು: “ದುಡ್ಡಿನ ಮಾತು ಹೋಗಲಿ ಕಣಪ್ಪ. ದಾಸರ ಪದವನ್ನು ಅಂಕಿತವಿಲ್ಲದೆ ಹಾಡಿದವಳು ಅಂತ ನನ್ನ ಹೆಸರು ಉಳಿಯಿತಲ್ಲ, ಅದು ನೋವು.” ಅಣ್ಣನು ಕಂಪೆನಿಗೆ ಕಾಗದ ಬರೆದನು. ಮುದ್ರಿಕೆ ಕಂಪೆನಿಯ ಸೊತ್ತಾದುದರಿಂದ ಅದನ್ನು ತಮಗೆ ತಿಳಿದಂತೆ ತಿದ್ದಲು ತಮಗೆ ಅಧಿಕಾರವುಂಟೆಂದು ಎರಡು ಸಾಲಿನ ಉತ್ತರ ಬಂದಿತು. ಉತ್ತರ ಒರಟಾಗಿದ್ದಿತು, ಆದರೆ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಹಾಡುವವರಿಗೆ ತಮ್ಮ ಹಾಡಿಕೆಯ ಮೇಲೆ ಯಾವ ಹಕ್ಕನ್ನೂ ನಮ್ಮ ಶಾಸನ ಆಗ ಕೊಟ್ಟಿರಲಿಲ್ಲ.

ಅತ್ತಿಗೆಯವರು ಈಗ ಇಲ್ಲ. ಅವರು ಹೋಗಿ ಒಂದು ವರ್ಷ ತುಂಬಿದಾಗ ಮೊಮ್ಮಗಳು, ಅಜ್ಜಿಯ ಹಾಡು ಬಂಧುಗಳೆಲ್ಲರಿಗೂ ಸಿಗಲೆಂದು ಆ ಕ್ಯಾಸೆಟ್ಟಿನ ಹಾಡುಗಳನ್ನು ಅಂತರಜಾಲದಲ್ಲಿ ಇಟ್ಟಳು. ಮೂರು ದಿನವಾಗುವುದರೊಳಗೆ ಅವು ಮಾಯವಾದವು. ಹಕ್ಕುದಾರರ ಕೋರಿಕೆಯ ಮೇರೆಗೆ ತೆಗೆಯಲಾಗಿದೆ ಎಂಬ ಒಂದು ಸಾಲು ಅಲ್ಲಿ ಉಳಿಯಿತು. ವಿಚಾರಿಸಿದರೆ, ಹಳೆಯ ಕಂಪೆನಿ ಮುಚ್ಚಿಹೋಗಿ, ಅದರ ಮುದ್ರಿಕೆಗಳೆಲ್ಲ ಮೂಟೆಮೂಟೆಯಾಗಿ ಮತ್ತೊಂದು ಸಂಸ್ಥೆಯ ಪಾಲಾಗಿದ್ದವು. ನಮ್ಮ ದೇಶದ ಶಾಸನದಲ್ಲಿ ಧ್ವನಿಮುದ್ರಿಕೆಯ ಸ್ವಾಮ್ಯ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. 1986ರ ಕ್ಯಾಸೆಟ್ಟಿನ ಸ್ವಾಮ್ಯ ಮುಗಿಯುವುದು 2046ರ ಕೊನೆಗೆ. ಅಜ್ಜಿಯ ಹಾಡನ್ನು ನಾಲ್ಕು ಜನಕ್ಕೆ ಕೇಳಿಸಲು ಮೊಮ್ಮಗಳು ಅಲ್ಲಿಯವರೆಗೆ ಕಾಯಬೇಕು, ಇಲ್ಲವೆ ಅವರ ಮುಖವನ್ನೇ ಕಾಣದವರ ಅಪ್ಪಣೆ ಪಡೆಯಬೇಕು.

ನ್ಯಾಯವಾದ ಮಾತನ್ನು ಎರಡೂ ಕಡೆಗೆ ಹೇಳತಕ್ಕದ್ದು ಧರ್ಮ. ಕಂಪೆನಿಗಳು ಬಾರದಿದ್ದರೆ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕಂಠಗಳು ಮಣ್ಣಾಗಿಹೋಗುತ್ತಿದ್ದವು. ಯಂತ್ರಕ್ಕೆ, ಪಕ್ಕವಾದ್ಯದವರಿಗೆ, ಅಂಗಡಿಯವರಿಗೆ ಹಣ ಹಾಕಿದವರು ಅವರು. ಹತ್ತು ಮುದ್ರಿಕೆಗಳಲ್ಲಿ ಮಾರಾಟವಾಗದೆ ಉಳಿದವುಗಳ ನಷ್ಟವನ್ನು ಹೊತ್ತವರೂ ಅವರೇ. ಗಾಯಕರಲ್ಲಿಯೇ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. 1960ರ ದಶಕದ ಮೊದಲ ವರ್ಷಗಳಲ್ಲಿ ಲತಾ ಮಂಗೇಶ್ಕರರು, ಸಿನಿಮಾ ಹಾಡುಗಳ ರಾಯಲ್ಟಿಯಲ್ಲಿ ಹಿನ್ನೆಲೆ ಗಾಯಕರಿಗೂ ಪಾಲು ಸಲ್ಲಬೇಕೆಂದು ಹಟಹಿಡಿದರು. ಹಾಡಿದ್ದಕ್ಕೆ ಹಣ ಪಡೆದ ಮೇಲೆ ಗಾಯಕನ ಲೆಕ್ಕ ಅಲ್ಲಿಗೆ ಮುಗಿಯಿತೆಂಬುದು ಮಹಮ್ಮದ್ ರಫಿಯವರ ಅಭಿಪ್ರಾಯ. ಈ ಮನಸ್ತಾಪದಿಂದ ಕೆಲವು ವರ್ಷ ಅವರಿಬ್ಬರೂ ಜೊತೆಯಾಗಿ ಹಾಡಲೇ ಇಲ್ಲ. ರಫಿಯವರ ಮಾತಿನಲ್ಲಿ ಒಂದು ಬಗೆಯ ಔದಾರ್ಯವಿದೆ. ಅದನ್ನು ನಾನು ಹಳಿಯಲಾರೆ. ಆದರೆ ಮನೆಯ ಹಿರಿಯರ ಔದಾರ್ಯದಿಂದ ಮಕ್ಕಳ ಪಾಲು ಬರಿದಾಗುವುದೂ ಲೋಕದಲ್ಲಿ ಉಂಟಷ್ಟೆ.

ನನಗೆ ತೋರುವುದಿಷ್ಟು. ಸಾಹಸಪಟ್ಟು ಬಂಡವಾಳ ಹಾಕಿದವರಿಗೆ ಪ್ರತಿಫಲ ಸಲ್ಲಬೇಕು. ಆದರೆ ಆ ಪ್ರತಿಫಲ ಗುತ್ತಿಗೆಯ ರೂಪದಲ್ಲಿರಬೇಕೇ ಹೊರತು ಕ್ರಯದ ರೂಪದಲ್ಲಿ ಅಲ್ಲ. ಹೊಲವನ್ನು ಐದು ವರ್ಷಕ್ಕೆ ಗುತ್ತಿಗೆ ಕೊಟ್ಟವನು ಆರನೆಯ ವರ್ಷ ಮತ್ತೆ ತನ್ನ ಹೊಲಕ್ಕೆ ಇಳಿಯುತ್ತಾನೆ. ಕ್ರಯಪತ್ರ ಬರೆದುಕೊಟ್ಟವನು ಬದುವಿನ ಹೊರಗೆ ನಿಂತು ನೋಡುತ್ತಾನೆ. ಪುಸ್ತಕಗಳ ವಿಷಯದಲ್ಲಿ ಈ ವಿವೇಕ ನಮಗೆ ಬಂದು ಬಹುಕಾಲವಾಯಿತು. ಪ್ರಕಾಶಕರು ಅಚ್ಚು ಹಾಕಿಸಿದರೂ, ಎಲ್ಲ ಹಕ್ಕುಗಳೂ ಗ್ರಂಥಕರ್ತರವು ಎಂಬ ಸಾಲನ್ನು ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ನಾವು ಓದಿದ್ದೇವೆ. ಬರೆದವರಿಗೆ ಸಲ್ಲುವ ಈ ಗೌರವ ಹಾಡಿದವರಿಗೆ ಏಕೆ ಸಲ್ಲಬಾರದು?

ಇದಕ್ಕೆ ಒಂದು ಕಾರಣವುಂಟು. ಅದು ಈಚಿನ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಅಮೆರಿಕದ ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಹೆಸರನ್ನು ಈಗ ನಮ್ಮ ಮನೆಗಳ ಹುಡುಗಿಯರೂ ಬಲ್ಲರು. ಆಕೆಯ ಮೊದಲ ಆರು ಗೀತಸಂಪುಟಗಳ ಮೂಲಮುದ್ರಿಕೆಗಳು ಕಂಪೆನಿಯವರ ಸೊತ್ತಾಗಿದ್ದವು. 2019ರಲ್ಲಿ ಆ ಕಂಪೆನಿಯನ್ನೇ ಮತ್ತೊಬ್ಬರು ಕೊಂಡರು. 2020ರಲ್ಲಿ ಮುದ್ರಿಕೆಗಳು ಇನ್ನೊಂದು ಬಂಡವಾಳ ಸಂಸ್ಥೆಯ ಕೈಗೆ ಹೋದವು. ಒಂದು ಹಾಡಿನಲ್ಲಿ ಎರಡು ಸ್ವಾಮ್ಯಗಳಿರುತ್ತವೆ: ಸಾಹಿತ್ಯ ಮತ್ತು ಧಾಟಿಯದು ಒಂದು, ಆ ಹಾಡಿಕೆಯ ಮುದ್ರಿಕೆಯದು ಮತ್ತೊಂದು. ಸ್ವಿಫ್ಟ್ ತನ್ನ ಹಾಡುಗಳನ್ನು ತಾನೇ ರಚಿಸಿದವಳಾದುದರಿಂದ ಮೊದಲನೆಯದರಲ್ಲಿ ಆಕೆಗೆ ಹಕ್ಕಿದ್ದಿತು. ಅದರ ಬಲದಿಂದ 2021ರಿಂದ 2023ರವರೆಗಿನ ಅವಧಿಯಲ್ಲಿ ನಾಲ್ಕು ಸಂಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹಾಡಿ, ಈ ಹೊಸ ಮುದ್ರಿಕೆ ನನ್ನದು ಎಂದು ಕೇಳುಗರ ಮುಂದಿಟ್ಟಳು. ಕೇಳುಗರು ಹಳೆಯದನ್ನು ಬಿಟ್ಟು ಹೊಸದರ ಕಡೆ ತಿರುಗಿದರು. ಕೊನೆಗೆ 2025ರ ಮೇ ತಿಂಗಳಲ್ಲಿ ಆ ಆರು ಸಂಪುಟಗಳ ಮೂಲಮುದ್ರಿಕೆಗಳನ್ನೂ ಹಣ ತೆತ್ತು ತನ್ನದಾಗಿ ಮಾಡಿಕೊಂಡಳು. ಹಣವೂ ಹೆಸರೂ ಪ್ರಾಯವೂ ಇದ್ದವಳಿಗೆ ಇದು ಸಾಧ್ಯವಾಯಿತು.

ನಮ್ಮ ಸಂಗೀತಗಾರರಿಗೆ ಈ ದಾರಿಯೂ ಇಲ್ಲ. ಪುರಂದರದಾಸರ ಪದಗಳಿಗೂ ತ್ಯಾಗರಾಜರ ಕೃತಿಗಳಿಗೂ ಈಗ ಯಾರೂ ಒಡೆಯರಲ್ಲ. ಅವು ಕೆರೆಯ ನೀರಿನಂತೆ ಎಲ್ಲರವು. ಹಿಂದೂಸ್ಥಾನಿ ಸಂಗೀತದ ಹಳೆಯ ಚೀಜುಗಳ ವಿಷಯವೂ ಹಾಗೆಯೇ. ಆದುದರಿಂದ ರಚನೆಯ ಸ್ವಾಮ್ಯವೆಂಬ ಆಸರೆ ಗಾಯಕನಿಗೆ ದೊರೆಯುವುದಿಲ್ಲ. ಆದರೆ ನಾವು ಕೇಳಲು ಹೋಗುವುದು ಬರಿಯ ರಚನೆಯನ್ನಲ್ಲ. ಒಂದೇ ರಾಗವನ್ನು ಮಲ್ಲಿಕಾರ್ಜುನ ಮನ್ಸೂರರು ಹಾಡಿದಾಗ ಒಂದು ಲೋಕ ತೆರೆಯುತ್ತಿತ್ತು, ಭೀಮಸೇನ ಜೋಶಿಯವರು ಹಾಡಿದಾಗ ಮತ್ತೊಂದು. ಆಲಾಪನೆ, ನೆರವಲು, ಸ್ವರಕಲ್ಪನೆ ಇವೆಲ್ಲ ಆ ಗಳಿಗೆಯಲ್ಲಿ ಹುಟ್ಟಿ ಆ ಗಳಿಗೆಯಲ್ಲಿಯೇ ಮುಗಿಯುವಂಥವು. ಹಾಡುವವನೇ ರಚಿಸುವವನು, ಅವನ ರಚನೆ ಉಳಿಯುವುದು ಮುದ್ರಿಕೆಯಲ್ಲಿ ಮಾತ್ರ. ಮೇಲಾಗಿ, ಮೂವತ್ತರಲ್ಲಿ ಇದ್ದ ಶಾರೀರ ಎಪ್ಪತ್ತರಲ್ಲಿ ಬರುವುದುಂಟೆ? ಮತ್ತೆ ಹಾಡಿಕೊಡೆಂದರೆ ಅವನು ಬೇರೊಂದನ್ನು ಹಾಡಿಯಾನು, ಅದನ್ನೇ ಹಾಡಲಾರನು. ಆದಕಾರಣ ನಮ್ಮ ಸಂಗೀತದಲ್ಲಿ ಮುದ್ರಿಕೆಯನ್ನು ಕಳೆದುಕೊಂಡವನು ತನ್ನ ಕೃತಿಯನ್ನೇ ಕಳೆದುಕೊಂಡಂತೆ.

ಈ ಅನ್ಯಾಯ ತಿಳಿದವರ ಕಣ್ಣಿಗೆ ಬೀಳದೆ ಇರಲಿಲ್ಲ. 1977ರಲ್ಲಿ ಸಿನಿಮಾ ಸಂಗೀತದ ಸ್ವಾಮ್ಯದ ವ್ಯಾಜ್ಯವೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿನೊಡನೆ ತಮ್ಮದೊಂದು ಟಿಪ್ಪಣಿಯನ್ನು ಸೇರಿಸಿ, ಧಾಟಿ ಕಟ್ಟಿದವನಿಗೆ ಹಕ್ಕು ಕೊಟ್ಟ ಶಾಸನ ಅದಕ್ಕೆ ಜೀವ ತುಂಬಿ ಹಾಡಿದವರಿಗೆ ಏನನ್ನೂ ಕೊಡದಿರುವ ಕೊರತೆಯನ್ನು ಎತ್ತಿ ತೋರಿಸಿದರು. ಈ ಕೊರತೆಯನ್ನು ತುಂಬಲು ಪಾರ್ಲಿಮೆಂಟಿಗೆ ಮುಂದೆ 17 ವರ್ಷ ಹಿಡಿಯಿತು. 1994ರ ತಿದ್ದುಪಡಿಯಿಂದ ಹಾಡುವವರಿಗೂ ನುಡಿಸುವವರಿಗೂ ಮೊದಲ ಬಾರಿಗೆ 25 ವರ್ಷಗಳ ಹಕ್ಕು ದೊರೆಯಿತು. 1999ರಲ್ಲಿ ಅದು 50 ವರ್ಷವಾಯಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಅವರ ಹಾಡಿಕೆಯನ್ನು ವ್ಯಾಪಾರಕ್ಕೆ ಬಳಸಿದಾಗ ರಾಯಲ್ಟಿ ಸಲ್ಲಬೇಕೆಂದೂ, ಹಾಡಿದವರ ಹೆಸರನ್ನು ಹೇಳಬೇಕೆಂದೂ, ಅವರ ಕೀರ್ತಿಗೆ ಕುಂದು ಬರುವಂತೆ ಹಾಡನ್ನು ವಿಕಾರಗೊಳಿಸಕೂಡದೆಂದೂ ವಿಧಿಸಿತು.

ಇದನ್ನೋದಿ ನಾನು ಅತ್ತಿಗೆಯವರನ್ನು ನೆನೆದು, ಅಂತೂ ಅಂಕಿತ ಕತ್ತರಿಸುವವರ ಕೈ ಕಟ್ಟಿದರಲ್ಲಾ ಎಂದು ಸಮಾಧಾನಪಡುವಷ್ಟರಲ್ಲಿ ಅದರ ಕೆಳಗಿದ್ದ ವಿವರಣೆ ಕಣ್ಣಿಗೆ ಬಿದ್ದಿತು. ಮುದ್ರಿಕೆಯನ್ನು ಗೊತ್ತಾದ ಅವಧಿಯೊಳಗೆ ಹೊಂದಿಸುವ ಸಲುವಾಗಿ ಒಂದು ಭಾಗವನ್ನು ತೆಗೆದುಹಾಕಿದರೆ, ಅಷ್ಟರಿಂದಲೇ ಹಾಡಿದವರ ಕೀರ್ತಿಗೆ ಕುಂದು ಬಂದಂತೆ ಎಣಿಸತಕ್ಕದ್ದಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ! ಅಂದರೆ ಅತ್ತಿಗೆಯವರ ಹಾಡನ್ನು ಇಂದು ಹಾಗೆಯೇ ಕತ್ತರಿಸಿದರೂ ಈ ವಿಧಿಯಿಂದ ಅವರಿಗೆ ಹೆಚ್ಚಿನ ಸಹಾಯವಾಗುತ್ತಿರಲಿಲ್ಲ. ಹಾಡಿದವರಿಗೆ ಶಾಸನ ಕೊಟ್ಟ ರಕ್ಷಣೆ ಒಳ್ಳೆಯದೇ. ಆದರೆ ಅದು ಪರರ ಮನೆಯಲ್ಲಿ ಬಾಡಿಗೆಗಿರುವವನಿಗೆ ಇರುವ ರಕ್ಷಣೆಯಂಥದು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮನೆಯ ಯಜಮಾನನನ್ನು ಕೇಳಬೇಕು. ಹಾಡು ಇಡಿಯಾಗಿ ಉಳಿಯಬೇಕಾದರೆ ಮುದ್ರಿಕೆಯೇ ಹಾಡಿದವರ ಸೊತ್ತಾಗಿರಬೇಕು.

ಹಾಗೆ ಮಾಡಿಕೊಳ್ಳಲು ಈಗಿನ ಶಾಸನದಲ್ಲಿ ಅವಕಾಶವಿಲ್ಲದೆ ಇಲ್ಲ. ಧ್ವನಿಮುದ್ರಿಕೆಯ ಕರ್ತೃ ಅದರ ನಿರ್ಮಾಪಕ; ಮುದ್ರಿಕೆ ಮಾಡಿಸಲು ಮುಂದಾಗಿ ಅದರ ಹೊಣೆ ಹೊತ್ತವರೇ ನಿರ್ಮಾಪಕರು. ಹಾಡುವವರು ತಾವೇ ಮುಂದಾಗಿ, ತಮ್ಮ ಖರ್ಚಿನಿಂದ ಸ್ಟುಡಿಯೋ ಗೊತ್ತುಮಾಡಿ ಹಾಡಿದರೆ ಹಾಡಿಕೆಯೂ ಅವರದೇ, ಮುದ್ರಿಕೆಯೂ ಅವರದೇ. ಅನಂತರ ಕಂಪೆನಿಗೆ ಇಷ್ಟು ವರ್ಷಕ್ಕೆಂದು, ಇಂಥ ಬಳಕೆಗೆಂದು ಅನುಮತಿ ಕೊಡಬಹುದು. ಹಕ್ಕನ್ನು ವಹಿಸಿಕೊಡುವುದಾದರೂ ಅದು ಬರಹದಲ್ಲಿರಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದೇ ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರವೆಂದೂ ಶಾಸನ ಎಣಿಸುತ್ತದೆ. ಇದು ಬಲ್ಲವರಾದುದರಿಂದಲೇ ಪತ್ರ ಬರೆಯುವವರು ಕಾಲಮಿತಿಯಿಲ್ಲದೆ, ಜಗತ್ತಿನಾದ್ಯಂತ ಎಂಬ ಮಾತುಗಳನ್ನು ತಪ್ಪದೆ ಸೇರಿಸುತ್ತಾರೆ.

ಅಂಥದೊಂದು ಪತ್ರ ಕಳೆದ ವರ್ಷ ನಮ್ಮ ಮನೆಗೆ ಮತ್ತೆ ಬಂದಿತು. ಅಜ್ಜಿಯ ಶಾರೀರ ಮೊಮ್ಮಗಳಿಗೆ ಬಂದಿದೆ. ಹದಿನಾಲ್ಕು ವರ್ಷ ಪಾಠವಾಗಿದೆ. ಒಂದು ಸಂಸ್ಥೆಯವರು ಅವಳಿಂದ ಎಂಟು ಹಾಡುಗಳನ್ನು ಕೇಳಿದ್ದರು. ಹಣವೂ ಪರವಾಯಿಲ್ಲ. ಅವಳು ಪತ್ರವನ್ನು ನನ್ನ ಮುಂದಿಟ್ಟು, “ಚಿಕ್ಕ ತಾತ, ಓದಿ ಹೇಳಿ” ಎಂದಳು. ಇಬ್ಬರೂ ಕೂತು ಒಂದೊಂದು ಕಲಮನ್ನೂ ಓದಿದೆವು. ಆರನೆಯ ಕಲಮಿನಲ್ಲಿ ಮೇಲೆ ಹೇಳಿದ ಆ ಮಾತುಗಳಿದ್ದವು. ಐದು ವರ್ಷದ ಅನುಮತಿ ಸಾಲದೆ ಎಂದು ಅವಳು ಬರೆದು ಕೇಳಿದಳು. ಸಾಲದು, ತಾವು ಎಲ್ಲರಿಂದಲೂ ಹೀಗೆಯೇ ಬರೆಯಿಸಿಕೊಳ್ಳುವುದೆಂದು ಸಂಸ್ಥೆಯವರು ಉತ್ತರ ಕೊಟ್ಟರು. ಆ ರಾತ್ರಿ ಅವಳು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ: “ಹಕ್ಕು ನನ್ನ ಹತ್ತಿರ ಉಳಿದು, ಹಾಡನ್ನು ಕೇಳುವವರೇ ಇಲ್ಲದಿದ್ದರೆ ಏನು ಬಂತು, ತಾತ?”

ನಾನು ಅವಳಿಗೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹಾಡು ಅವಳದು, ನಿರ್ಧಾರವೂ ಅವಳದೇ ಆಗಬೇಕಷ್ಟೆ. ಎರಡು ದಿನ ಯೋಚಿಸಿ ಅವಳು ಪತ್ರವನ್ನು ಹಿಂದಕ್ಕೆ ಕಳುಹಿಸಿದಳು. ತನ್ನ ಸಂಬಳದಲ್ಲಿ ಉಳಿಸಿದ್ದ 40,000 ರೂಪಾಯಿಗಳಲ್ಲಿ ಸ್ಟುಡಿಯೋಗೂ ಪಕ್ಕವಾದ್ಯದವರಿಗೂ ಹಣ ಕೊಟ್ಟು ಎಂಟು ಹಾಡುಗಳನ್ನು ತಾನೇ ಮುದ್ರಿಸಿ ಪ್ರಕಟಿಸಿದಳು. ಅವುಗಳಲ್ಲಿ ಒಂದು, ಅಜ್ಜಿಯ ಕ್ಯಾಸೆಟ್ಟಿನಲ್ಲಿ ಕತ್ತರಿಸಿದ್ದ ಅದೇ ದೇವರನಾಮ. ಕೊನೆಯ ಚರಣವನ್ನು ಅಂಕಿತದೊಡನೆ ನಿಧಾನವಾಗಿ ಹಾಡಿದ್ದಾಳೆ. ಕೇಳಿದವರ ಸಂಖ್ಯೆ ಇನ್ನೂ ಕೆಲವು ನೂರುಗಳಲ್ಲಿಯೇ ಇದೆ; ಹಾಕಿದ ಹಣ ಹಿಂದಿರುಗಿಲ್ಲ. ಸಂಸ್ಥೆಯ ಮೂಲಕ ಹೋಗಿದ್ದರೆ ಸಾವಿರಾರು ಜನ ಕೇಳುತ್ತಿದ್ದರೇನೋ. ಈ ನಷ್ಟ ಸಣ್ಣದಲ್ಲ. ಅದನ್ನು ಅವಳು ಬಲ್ಲಳು. ಅದನ್ನು ತಾಳಿಕೊಳ್ಳುವ ಅನುಕೂಲ ನೌಕರಿಯಲ್ಲಿರುವ ಅವಳಿಗಿತ್ತು. ಸಂಗೀತವನ್ನೇ ಜೀವನಕ್ಕೆ ನೆಚ್ಚಿದವರೆಲ್ಲರಿಗೂ ಇರುವುದಿಲ್ಲ. ಅಂಥವರ ಪರವಾಗಿ ಕೇಳುಗರೂ, ಸಭೆಗಳೂ, ಹಣವಂತರೂ ನಿಲ್ಲಬೇಕಾಗುತ್ತದೆ. ಶಾಲು ಹೊದಿಸುವ ಬದಲು ಒಬ್ಬ ಗಾಯಕನ ಮುದ್ರಿಕೆಯ ಖರ್ಚನ್ನು ಹೊತ್ತು, ಅದನ್ನು ಅವನ ಹೆಸರಿನಲ್ಲಿಯೇ ಉಳಿಸಿಕೊಟ್ಟರೆ ಅದು ಶಾಲಿಗಿಂತ ಹೆಚ್ಚು ಕಾಲ ಬಾಳುತ್ತದೆ.

ವಿದ್ಯೆಯನ್ನು ಸೊತ್ತೆಂದು ಎಣಿಸುವುದೇ ತಪ್ಪು, ಸಂಗೀತ ದೇವರಿಗೆ ಅರ್ಪಿತವಾದದ್ದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಭಾವನೆ ದೊಡ್ಡದು. ಆದರೆ ಅರ್ಪಣೆಯ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಏನು ಹೇಳಿದರೆಂಬುದನ್ನೂ ನೆನೆಯಬೇಕು. ತನ್ನ ಒಡೆತನವನ್ನು ತಾನು ಬಿಟ್ಟು, ಅದು ಮತ್ತೊಬ್ಬರ ಒಡೆತನವಾಗುವಂತೆ ಮಾಡುವುದೇ ದಾನವೆಂದು ಅವರ ಮತ. ತನ್ನದಲ್ಲದ್ದನ್ನು ಯಾರೂ ದಾನಮಾಡಲಾರರು. ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಾಗುವುದು ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ವೆಂಕಟೇಶ ಸುಪ್ರಭಾತದಿಂದ. ಆ ಮುದ್ರಿಕೆಯ ರಾಯಲ್ಟಿಯನ್ನು ಅವರು ತಿರುಮಲ ತಿರುಪತಿ ದೇವಸ್ಥಾನದವರು ನಡೆಸುವ ವೇದಪಾಠಶಾಲೆಗೆ ಬಿಟ್ಟುಕೊಟ್ಟರು. ಹಾಡಿನ ಮಾರಾಟದಲ್ಲಿ ಒಂದು ಪಾಲು ಅವರದೆಂದು ಬರಹದಲ್ಲಿ ಇದ್ದುದರಿಂದಲೇ ಆ ಪಾಲು ಅವರ ಕೈಯಿಂದ ದೇವರಿಗೆ ಸಲ್ಲಲು ಸಾಧ್ಯವಾಯಿತು. ಒಂದೇ ಸಲ ಹಣ ಪಡೆದು ಎಲ್ಲವನ್ನೂ ಬರೆದುಕೊಟ್ಟಿದ್ದರೆ, ಕೊಡಬೇಕೆಂಬ ಮನಸ್ಸಿದ್ದರೂ ಕೊಡಲು ಅವರಲ್ಲಿ ಏನಿರುತ್ತಿತ್ತು?

ಹಾಡುವ ಮಕ್ಕಳು ಯಾರ ಮನೆಯಲ್ಲಿದ್ದಾರೋ ಅವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಬಿನ್ನಹ. ಪಾಠಕ್ಕೆ ಒಳ್ಳೆಯ ಗುರುಗಳನ್ನು ಹುಡುಕುವಷ್ಟೇ ಎಚ್ಚರದಿಂದ, ರುಜುವಿಗೆ ಮುಂಚೆ ಪತ್ರವನ್ನು ಓದಿಸಬೇಕು. ಅರ್ಥವಾಗದ ಭಾಷೆಯಲ್ಲಿದ್ದರೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಬೇಕು. ಎಷ್ಟು ವರ್ಷಕ್ಕೆ, ಯಾವ ಬಳಕೆಗೆ, ಯಾವ ಪಾಲಿಗೆ ಎಂದು ಕೇಳಬೇಕು. ಹಾಡನ್ನು ಮಾರಲಿ, ಗುತ್ತಿಗೆಗೆ ಕೊಡಲಿ, ದೇವಸ್ಥಾನಕ್ಕೆ ಬರೆಯಲಿ, ಬೀದಿಯವರಿಗೆಲ್ಲ ಪುಕ್ಕಟೆಯಾಗಿ ಹಂಚಲಿ. ಏನು ಮಾಡಿದರೂ ಅದು ಹಾಡಿದವರು ತಿಳಿದು ಮಾಡಿದ ಕೆಲಸವಾಗಿರಲಿ.